ಹೈಟಿಯ ಲಾವಂಚದ ಎಣ್ಣೆ: ಎರಡು ಬಾಟಲಿ ಪಕ್ಕಪಕ್ಕ ಇಟ್ಟು ಮೂಸಿದ್ದು

ಮೊದಲೇ ಹೇಳಿಬಿಡುತ್ತೇನೆ. ಕೆರಿಬಿಯನ್ ದ್ವೀಪದೇಶ ಹೈಟಿಯ ಈ ಎಣ್ಣೆ ತುಂಬಾ ಚೆನ್ನಾಗಿದೆ. ಲಾವಂಚದ ಪರಿಮಳ ಇಷ್ಟ ಇರುವವರು ಒಮ್ಮೆಯಾದರೂ ತರಿಸಿ ನೋಡಿ. 10 ಮಿ.ಲೀ. ಬಾಟಲಿಗೆ 26 ಕೆನಡಾ ಡಾಲರ್. ಮಾಂಟ್ರಿಯಲ್‌ನಲ್ಲಿರುವ ನನ್ನ ತಂಗಿ ಅಲ್ಲಿ ಹೈಟಿಯವರದ್ದೇ ಒಂದು ಸಣ್ಣ ಅಂಗಡಿಯಲ್ಲಿ ಕೊಂಡು, ರಜೆಗೆ ಊರಿಗೆ ಬಂದಾಗ ತಂದುಕೊಟ್ಟಳು. ದುಬಾರಿ ಹೌದು. ಆದರೆ ಒಂದು ಹನಿಯ ಪರಿಮಳ ಬಟ್ಟೆಯ ಮೇಲೆ ಎರಡು ದಿನ ಉಳಿಯುತ್ತದೆ. ನನಗಂತೂ ಒಂದು ಬಾಟಲಿ ವರ್ಷಕ್ಕಿಂತ ಜಾಸ್ತಿ ಬರುತ್ತದೆ.

ಕೊಳ್ಳಬೇಕೋ ಬೇಡವೋ ಅಂತ ನೋಡಲು ಬಂದವರಿಗೆ ಇಷ್ಟು ಸಾಕು. ನನಗೆ ಮಾತ್ರ ಇಷ್ಟಕ್ಕೇ ಬಿಡಲು ಮನಸ್ಸಿಲ್ಲ. ಯಾಕೆಂದರೆ ಅದೇ ಹೈಟಿಯ ಎಣ್ಣೆಯ ಇನ್ನೊಂದು ಬಾಟಲಿ ನನ್ನ ಹತ್ತಿರ ಇದೆ. 2017ರದ್ದು. ಕೆಮ್ಮಿನ ಔಷಧಿಯ ಕಂದು ಬಾಟಲಿಯಲ್ಲಿ ಅರ್ಧ ತುಂಬಿಸಿ, ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ದಾರ ಬಿಗಿದು, ಎಣ್ಣೆ ಇಳಿಸುವ ಭಟ್ಟಿಮನೆಯ ಹಿರಿಯರೊಬ್ಬರು ನಾನು ಅಲ್ಲಿಂದ ಹೊರಡುವ ದಿನ ಕೈಗೆ ಕೊಟ್ಟಿದ್ದರು. ಕಳೆದ ವಾರ ಎರಡನ್ನೂ ಮೇಜಿನ ಮೇಲಿಟ್ಟುಕೊಂಡು, ಎರಡು ಹಾಳೆ ತುಂಡಿನ ಮೇಲೆ ಒಂದೊಂದು ಹನಿ ಹಾಕಿ ಕೂತೆ. ಅವೆರಡರ ನಡುವೆ ಇರುವ ವ್ಯತ್ಯಾಸದ ಬಗ್ಗೆಯೇ ಈ ಬರಹ.

ನಾನು ನೀರಿನ ಎಂಜಿನಿಯರ್. ಊರು ಕುಮಟಾ ಹತ್ತಿರ. 2016ರ ನವೆಂಬರಿನಿಂದ ಒಂಬತ್ತು ತಿಂಗಳು ದಕ್ಷಿಣ ಹೈಟಿಯ ಲೆ ಕೈ ಪಟ್ಟಣದಲ್ಲಿದ್ದೆ. ಪರಿಹಾರ ಸಂಸ್ಥೆಯೊಂದರ ಕೆಲಸ. ಆ ವರ್ಷ ಅಕ್ಟೋಬರ್ 4ರಂದು ಮ್ಯಾಥ್ಯೂ ಚಂಡಮಾರುತ ಆ ಭಾಗದಲ್ಲೇ ದಡಕ್ಕೆ ಅಪ್ಪಳಿಸಿತ್ತು. ಗಂಟೆಗೆ ಸುಮಾರು 230 ಕಿ.ಮೀ. ವೇಗದ ಗಾಳಿ. ಸರ್ಕಾರದ ಲೆಕ್ಕದಲ್ಲೇ 500ಕ್ಕಿಂತ ಹೆಚ್ಚು ಜನ ಸತ್ತರು. ಪೆತಿ ಗೋವ್‌ನ ಸೇತುವೆ ಕೊಚ್ಚಿಹೋಗಿ, ರಾಜಧಾನಿ ಪೋರ್ಟ್-ಓ-ಪ್ರಾನ್ಸ್‌ನಿಂದ ದಕ್ಷಿಣಕ್ಕೆ ಬರುವ ರಸ್ತೆಯೇ ತುಂಡಾಗಿತ್ತು.

ನಾನು ಹೋಗುವಷ್ಟರಲ್ಲಿ ಒಂದು ತಿಂಗಳು ಕಳೆದಿತ್ತು. ಆದರೂ ದಾರಿಯುದ್ದಕ್ಕೂ ತೆಂಗಿನ ಮರಗಳಿಗೆ ತಲೆ ಇರಲಿಲ್ಲ. ಮಾವು ಬುಡಸಮೇತ ಮಲಗಿತ್ತು. ದೀವಿಹಲಸು, ಅದೇ ನಮ್ಮ ದಕ್ಷಿಣ ಕನ್ನಡದವರು ಜೀಗುಜ್ಜೆ ಅನ್ನುತ್ತಾರಲ್ಲ, ಅಲ್ಲಿಯ ಬಡವರ ಹೊಟ್ಟೆ ತುಂಬಿಸುವುದೇ ಅದು. ಆ ಮರಗಳೂ ಹೋಗಿದ್ದವು. ಮನೆಗಳಿಗೆ ಮಾಡು ಇರಲಿಲ್ಲ, ನೀಲಿ ತಾಡಪಾಲು ಕಟ್ಟಿದ್ದರು. ಇಷ್ಟರ ನಡುವೆ ಗುಡ್ಡದ ಇಳಿಜಾರಿನಲ್ಲಿ ಒಂದು ಹುಲ್ಲು ಮಾತ್ರ ಹಸಿರಾಗಿ ಎದ್ದು ನಿಂತಿತ್ತು. ಸೊಂಟದೆತ್ತರ, ಗರಿ ಗರಿ. ಏನಿದು ಅಂತ ಡ್ರೈವರ್ ಅವರನ್ನು ಕೇಳಿದೆ. "ವೆತಿವೆ" ಅಂದರು.

ನನಗೆ ಮೈ ಜುಮ್ಮೆಂದಿತು. ಲಾವಂಚ! ನಮ್ಮ ಅಜ್ಜಿ ಬೇಸಿಗೆಯಲ್ಲಿ ಕುಡಿಯುವ ನೀರಿನ ಹೂಜಿಗೆ ಹಾಕುತ್ತಿದ್ದ ಬೇರು. ಘಟ್ಟದ ಕೆಳಗೂ ಮೇಲೂ ನಮ್ಮ ಜಿಲ್ಲೆಯಲ್ಲಿ ಅದರಿಂದ ಬುಟ್ಟಿ, ಟೋಪಿ, ಗಣಪತಿ ಎಲ್ಲ ಹೆಣೆಯುತ್ತಾರೆ. ವೆತಿವೆ ಅನ್ನುವ ಹೆಸರೂ ನಮ್ಮ ಕಡೆಯದೇ. ತಮಿಳಿನ ವೆಟ್ಟಿವೇರ್ ಫ್ರೆಂಚರ ಬಾಯಿಗೆ ಬಿದ್ದು, ಅಲ್ಲಿಂದ ಹೈಟಿಯವರ ಕ್ರೆಯೋಲ್ ಭಾಷೆಗೆ ಹೋಗಿದೆ. ವೇರ್ ಅಂದರೆ ಬೇರು ತಾನೇ? ಊರಿಂದ ಅಷ್ಟು ದೂರ, ಯಾರ ಮಾತೂ ಸರಿಯಾಗಿ ಅರ್ಥವಾಗದ ಜಾಗದಲ್ಲಿ ಆ ಒಂದು ಶಬ್ದ ನನ್ನನ್ನು ಹಿಡಿದು ನಿಲ್ಲಿಸಿತು.

ಜಗತ್ತಿನ ಲಾವಂಚದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೈಟಿಯಿಂದಲೇ ಬರುತ್ತದೆ. ಅದರಲ್ಲೂ ಬಹುಪಾಲು ಲೆ ಕೈ ಸುತ್ತಮುತ್ತಲ ಗುಡ್ಡಗಳಿಂದ. ಅಲ್ಲಿ ಇದನ್ನು ದೊಡ್ಡದಾಗಿ ಬೆಳೆಸಿ ಭಟ್ಟಿ ಇಳಿಸಲು ಶುರು ಮಾಡಿದ್ದು 1940ರ ದಶಕದಲ್ಲಿ, ಲೂಯಿ ದೆಜ್ವಾ ಎಂಬ ಕೃಷಿ ತಜ್ಞರು. ಇವರೇ 1957ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು ಫ್ರಾಂಸ್ವಾ ದುವಾಲಿಯೆ ಎದುರು ಸೋತವರು. ಆಮೇಲೆ ಆ ದೇಶ ದುವಾಲಿಯೆ ಅಪ್ಪ ಮಗ ಇಬ್ಬರ ಸರ್ವಾಧಿಕಾರದಲ್ಲಿ 29 ವರ್ಷ ಕಳೆಯಿತು. ದೆಜ್ವಾ ದೇಶ ಬಿಟ್ಟರು. ಲಾವಂಚ ಉಳಿಯಿತು.

ಇನ್ನು ಬಾಟಲಿಗೆ ಬರುತ್ತೇನೆ.

ಹೊಸ ಬಾಟಲಿಯ ಎಣ್ಣೆಗೆ ಜೇನಿನ ಬಣ್ಣ. ಮಂದ ಇದೆ. ಬಾಟಲಿ ಬಗ್ಗಿಸಿದರೆ ಹನಿ ತಕ್ಷಣ ಬೀಳುವುದಿಲ್ಲ, ಬಾಯಿಯ ಅಂಚಲ್ಲಿ ನಿಂತು, ಉಬ್ಬಿ, ಆಮೇಲೆ ಇಳಿಯುತ್ತದೆ. ಮೊದಲು ಮೂಗಿಗೆ ಬರುವುದು ಚಕ್ಕೋತದ ಸಿಪ್ಪೆ ಕಿವುಚಿದಂಥ ವಾಸನೆ. ಹತ್ತು ನಿಮಿಷ ಬಿಟ್ಟರೆ ಅದು ಹಿಂದೆ ಸರಿದು, ಮೊದಲ ಮಳೆ ಬಿದ್ದ ಮಣ್ಣು ಬರುತ್ತದೆ. ಸಂಜೆ ಹೊತ್ತಿಗೆ ಒಣಗಿದ ಕಟ್ಟಿಗೆಯ ಸಿಹಿ. ಮರುದಿನ ಬೆಳಿಗ್ಗೆ ಅದೇ ಹಾಳೆ ಮೂಸಿದರೆ ಗಂಧದ ಕೊರಡು ಇಟ್ಟಿದ್ದ ಪೆಟ್ಟಿಗೆ ತೆರೆದ ಹಾಗೆ. ಜಾವಾದ ಲಾವಂಚದ ಎಣ್ಣೆಯಲ್ಲಿ ಹೊಗೆ ಜಾಸ್ತಿ, ಸೌದೆ ಒಲೆಯ ಅಡಿಗೆಮನೆ ನೆನಪಾಗುತ್ತದೆ. ನಮ್ಮ ಉತ್ತರಪ್ರದೇಶದ ಕನೌಜ್‌ನ ಲಾವಂಚದ ಎಣ್ಣೆ ರೂಹ್ ಖಸ್ ತಾಮ್ರದ ಪಾತ್ರೆಯಲ್ಲಿ ಇಳಿಸುವುದರಿಂದ ಹಸಿರು ಬಣ್ಣ, ಕಾಡಿನ ಗಾಢ ವಾಸನೆ. ಅದರ ಮಟ್ಟ ಬೇರೆ, ಬೆಲೆಯೂ ಬೇರೆ. ಹೈಟಿಯದ್ದು ಈ ಮೂರರಲ್ಲಿ ಹಗುರ, ಸ್ವಚ್ಛ. ಅದಕ್ಕೇ ಸೆಂಟು ಮಾಡುವ ದೊಡ್ಡ ಕಂಪನಿಗಳಿಗೆ ಇದೇ ಬೇಕು. ಗಂಡಸರ ಸೆಂಟುಗಳಲ್ಲಂತೂ ಇದು ಇಲ್ಲದ್ದು ಹುಡುಕುವುದು ಕಷ್ಟ.

ಹಳೆಯ ಬಾಟಲಿಯದ್ದು ತೆಳು ಹುಲ್ಲಿನ ಬಣ್ಣ. ನೀರಿನಷ್ಟಲ್ಲದಿದ್ದರೂ ಬೇಗ ಹರಿಯುತ್ತದೆ. ಮೂಸಿದರೆ ಆಗ ತಾನೇ ಸುಲಿದ ಆಲೂಗಡ್ಡೆ ಸಿಪ್ಪೆ. ಹಸಿ, ಚುರುಕು. ಲಾವಂಚದ ಎಣ್ಣೆ ಇಟ್ಟಷ್ಟೂ ಚೆನ್ನಾಗುತ್ತದೆ ಅನ್ನುತ್ತಾರೆ. ಇದು ಇಷ್ಟು ವರ್ಷ ಕಪಾಟಿನಲ್ಲಿದ್ದರೂ ಆ ಹಸಿತನ ಪೂರ್ತಿ ಹೋಗಿಲ್ಲ. ಸಂಜೆಯ ಹೊತ್ತಿಗೆ ಹಾಳೆಯ ಮೇಲೆ ಏನೂ ಉಳಿದಿರಲಿಲ್ಲ.

ಭಟ್ಟಿ ಇಳಿಸಿದವರ ತಪ್ಪಲ್ಲ ಅದು. ಬೇರು ಎಳೆಯದಾಗಿತ್ತು.

ಲಾವಂಚದ ಬೇರು ಬಲಿಯಲು ಕಡಿಮೆ ಅಂದರೂ ಒಂದು ವರ್ಷ ಬೇಕು. ಹದಿನಾಲ್ಕು, ಹದಿನೆಂಟು ತಿಂಗಳಾದರೆ ಇನ್ನೂ ಒಳ್ಳೆಯದು. ಎಣ್ಣೆಯ ತೂಕವೂ ಪರಿಮಳವೂ ಆಗಲೇ ಬರುವುದು. ಆದರೆ ಅಲ್ಲಿನ ರೈತನಿಗೆ ಲಾವಂಚದ ಗದ್ದೆಯೇ ಬ್ಯಾಂಕು. ಮಗಳ ಶಾಲೆ ಫೀಸು ಕಟ್ಟಬೇಕಾದರೆ, ಮನೆಯಲ್ಲಿ ಯಾರಿಗೋ ಜ್ವರ ಬಂದರೆ, ಹೋಗಿ ಒಂದು ತುಂಡು ಜಾಗ ಅಗೆಯುತ್ತಾನೆ. ಮ್ಯಾಥ್ಯೂ ಬಂದ ಮೇಲೆ ಎಲ್ಲರ ಮನೆಯ ತಗಡೂ ಒಂದೇ ರಾತ್ರಿ ಹಾರಿಹೋಯಿತು. ಬಾಳೆ ಇಲ್ಲ, ದೀವಿಹಲಸು ಇಲ್ಲ, ಆಡು ಕೋಳಿ ಇಲ್ಲ. ಮಾರಲು ಉಳಿದಿದ್ದು ಮಣ್ಣಿನೊಳಗಿನ ಬೇರು ಒಂದೇ. ಏಳು ತಿಂಗಳದ್ದನ್ನೂ ಅಗೆದರು, ಐದು ತಿಂಗಳದ್ದನ್ನೂ ಅಗೆದರು.

ಅಗೆಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಟ್ಯಾಂಕ್ ಕೂರಿಸುವ ಜಾಗ ನೋಡಲು ಗುಡ್ಡ ಹತ್ತುವಾಗ ದಾರಿಯಲ್ಲೇ ಸಿಗುತ್ತಿದ್ದರು. ಮೊದಲು ಹುಲ್ಲು ಕೊಯ್ದು ಪಕ್ಕಕ್ಕೆ ಇಡುತ್ತಾರೆ, ಅದು ಮಾಡಿಗೆ ಬರುತ್ತದೆ. ಆಮೇಲೆ ಪಿಕಾಸಿ. ಬುಡದ ಸುತ್ತ ಹೊಡೆದು ಹೊಡೆದು ಸಡಿಲ ಮಾಡಿ, ಇಬ್ಬರು ಹಿಡಿದು ಎಳೆಯುತ್ತಾರೆ. ಮುದುಕಿಯ ಜಡೆ ಬಿಚ್ಚಿದಂತೆ ಬೇರಿನ ಗೊಂಚಲು ಮೇಲೆ ಬರುತ್ತದೆ. ಅದನ್ನು ಪಿಕಾಸಿಯ ಕಾವಿಗೆ ಬಡಿದು ಮಣ್ಣು ಉದುರಿಸುತ್ತಾರೆ. ಆ ಕ್ಷಣ ಗಾಳಿಯೆಲ್ಲ ಪರಿಮಳ. ಬೇರು ಕತ್ತರಿಸಿದ ಮೇಲೆ ಬುಡದ ತುಂಡನ್ನು ಅಲ್ಲೇ ಮತ್ತೆ ನೆಡುತ್ತಾರೆ. ಅಕ್ಕಪಕ್ಕದವರೆಲ್ಲ ಸೇರಿ ಒಬ್ಬೊಬ್ಬರ ಗದ್ದೆ ಮುಗಿಸುವುದೂ ಉಂಟು. ಕೊಂಬಿತ್ ಅನ್ನುತ್ತಾರೆ ಅದಕ್ಕೆ. ಡೋಲು, ಹಾಡು, ಮಧ್ಯಾಹ್ನ ಗದ್ದೆಯ ಯಜಮಾನನ ಮನೆಯಿಂದ ಊಟ. ನಮ್ಮ ಮುಯ್ಯಾಳು ಅಲ್ವಾ ಇದು ಅಂತ ನಾನು ಅಲ್ಲೇ ಕನ್ನಡದಲ್ಲಿ ಜೋರಾಗಿ ಹೇಳಿಬಿಟ್ಟೆ.

ಬೇರು ರೈತನಿಂದ ಸೀದಾ ಭಟ್ಟಿಗೆ ಹೋಗುವುದಿಲ್ಲ. ನಡುವೆ ದಲ್ಲಾಳಿ ಇರುತ್ತಾನೆ, ಸ್ಪೆಕಿಲಾತೆ ಅಂತ ಹೆಸರು. ಮುಂಗಡ ಕೊಟ್ಟಿರುವವನೂ ಅವನೇ, ತಕ್ಕಡಿ ಹಿಡಿಯುವವನೂ ಅವನೇ. ಭಟ್ಟಿಮನೆಯಲ್ಲಿ ಬೇರನ್ನು ದೊಡ್ಡ ಉಕ್ಕಿನ ಹಂಡೆಗಳಿಗೆ ತುಂಬಿ, ಒಳಗೆ ಇಳಿದು ಕಾಲಿನಿಂದ ತುಳಿದು ಒತ್ತುತ್ತಾರೆ. ಮುಚ್ಚಳ ಬಿಗಿದು ಬಾಯ್ಲರ್‌ನಿಂದ ಹಬೆ ಬಿಡುತ್ತಾರೆ. ಹಗಲು ರಾತ್ರಿ ನಡೆಯುತ್ತದೆ. ಹಬೆ ತಣ್ಣಗಾಗಿ ನೀರಾಗಿ ಬೀಳುವಾಗ ಎಣ್ಣೆ ಬೇರೆಯಾಗುತ್ತದೆ. ನೂರು ಕಿಲೋ ಒಣಬೇರಿಗೆ ಒಂದು ಕಿಲೋ ಎಣ್ಣೆ ಬಂದರೆ ಖುಷಿ. ಅಂದರೆ ನನ್ನ ಈ 10 ಮಿ.ಲೀ. ಬಾಟಲಿಯ ಹಿಂದೆ ಸುಮಾರು ಒಂದು ಕಿಲೋ ಬೇರಿದೆ. 26 ಡಾಲರಿನಲ್ಲಿ ಆ ಒಂದು ಕಿಲೋ ಅಗೆದವನ ಕೈಗೆ ಹೋಗಿದ್ದು ಬಹಳ ಚಿಕ್ಕ ಪಾಲು. ಎಳೆಯ ಬೇರಾದರೆ ಎಣ್ಣೆಯೂ ಕಡಿಮೆ, ರೇಟೂ ಕಡಿಮೆ. ಕಷ್ಟ ಇದ್ದವನಿಗೇ ಕಡಿಮೆ ಸಿಗುತ್ತದೆ.

ಮಣ್ಣಿನ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಲಾವಂಚದಂಥ ಮಣ್ಣು ಹಿಡಿಯುವ ಹುಲ್ಲು ಇನ್ನೊಂದಿಲ್ಲ. ಬೇರು ಎರಡು ಮೂರು ಮೀಟರ್ ನೇರ ಕೆಳಗಿಳಿಯುತ್ತದೆ. ನಮ್ಮ ಗುಂಡ್ಲುಪೇಟೆ ಕಡೆಯ ರೈತರು ಹೊಲದ ಬದುವಿಗೆ ತಲೆತಲಾಂತರದಿಂದ ನೆಟ್ಟುಕೊಂಡು ಬಂದಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನವರು ಮಣ್ಣು ಉಳಿಸಲು ಇದೇ ಹುಲ್ಲನ್ನು ಬೇರೆ ದೇಶಗಳಿಗೂ ಹೇಳಿಕೊಟ್ಟರು. ಅಗೆಯದೆ ಬಿಟ್ಟರೆ ಹಾಗೆ. ಇಳಿಜಾರಿನಲ್ಲಿ ಮಳೆಗಾಲಕ್ಕೆ ಮೊದಲೇ ಇಡೀ ಗದ್ದೆ ಅಗೆದರೆ ಅದೇ ಹುಲ್ಲು ಗುಡ್ಡವನ್ನು ಬೋಳು ಮಾಡುತ್ತದೆ. ಒಂದು ಮಳೆಗೆ ನಮ್ಮ ಕೊಳವೆಗಳೆಲ್ಲ ಕೆಂಪು ಕೆಸರಿನಿಂದ ತುಂಬಿಹೋಗುತ್ತಿದ್ದವು. ಅಡ್ಡಸಾಲಿಗೆ ಒಂದೊಂದು ಪಟ್ಟಿ ಅಗೆಯದೆ ಬಿಡಿ ಅಂತ ಸಹಕಾರ ಸಂಘದವರು ಹೇಳುತ್ತಿದ್ದರು. ಹೊಟ್ಟೆಗಿಲ್ಲದ ವರ್ಷ ಒಂದು ಪಟ್ಟಿ ಬಿಡಿ ಅನ್ನುವುದು ದೊಡ್ಡ ಮಾತು.

ಆ ಕೆಸರು ನನ್ನ ಕೆಲಸಕ್ಕೆ ಬರೀ ತಲೆನೋವಲ್ಲ, ಜೀವದ ಪ್ರಶ್ನೆಯಾಗಿತ್ತು. ಚಂಡಮಾರುತದ ಬೆನ್ನಿಗೆ ಕಾಲರಾ ಮತ್ತೆ ಏರಿತ್ತು. ಹೈಟಿಗೆ ಕಾಲರಾ ಬಂದಿದ್ದು 2010ರ ಅಕ್ಟೋಬರಿನಲ್ಲಿ. ಆ ವರ್ಷ ಜನವರಿ 12ರ ಭೂಕಂಪ ರಾಜಧಾನಿಯನ್ನು ಪುಡಿ ಮಾಡಿ ಒಂಬತ್ತು ತಿಂಗಳಾಗಿತ್ತು. ತಂದವರು ವಿಶ್ವಸಂಸ್ಥೆಯ ಶಾಂತಿಪಾಲಕರು, ಅವರ ಶಿಬಿರದ ಹೊಲಸು ನದಿಗೆ ಸೇರಿತ್ತು. ಸುಮಾರು 10,000 ಜನ ಸತ್ತರು. ನಾನು ಅಲ್ಲಿದ್ದಾಗಲೇ, 2016ರ ಡಿಸೆಂಬರ್ 1ರಂದು, ವಿಶ್ವಸಂಸ್ಥೆಯ ಆಗಿನ ಮುಖ್ಯಸ್ಥ ಬಾನ್ ಕಿ ಮೂನ್ ಕ್ಷಮೆ ಕೇಳಿದರು. ಆರು ವರ್ಷ ಆದ ಮೇಲೆ. ಮರುದಿನ ನಾನು ಕ್ಲೋರಿನ್ ಮಾತ್ರೆ ಹಿಡಿದು ಗುಡ್ಡದ ಮನೆಯೊಂದಕ್ಕೆ ಹೋದರೆ, ಆ ಮನೆಯ ಅಮ್ಮ ಮಾತ್ರೆ ಮುಟ್ಟಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತರು. ನಾನು ಮೊದಲು ಕುಡಿದು ತೋರಿಸಿದೆ. ಆಮೇಲೂ ಅವರು ಸ್ವಲ್ಪ ಹೊತ್ತು ಕಾದರು. ಅವರು ಮಾಡಿದ್ದು ಸರಿ ಅಂತಲೇ ನನಗೆ ಅನಿಸಿತು, ಈಗಲೂ ಅನಿಸುತ್ತದೆ.

ಹೈಟಿ ಬಡದೇಶ ಅಂತ ಎಲ್ಲರಿಗೂ ಗೊತ್ತು. ಹೇಗೆ ಬಡದೇಶ ಆಯಿತು ಅನ್ನುವುದನ್ನು ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಗುಲಾಮರೇ ಎದ್ದು ಫ್ರೆಂಚರನ್ನು ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗು ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಗುಲಾಮರನ್ನು ಕಳೆದುಕೊಂಡವರಿಗೆ ಪರಿಹಾರ, ಗುಲಾಮರಾಗಿದ್ದವರ ಕೈಯಿಂದ! ಆಮೇಲೆ ಅದನ್ನು 9 ಕೋಟಿಗೆ ಇಳಿಸಿದರು. ಅದಕ್ಕಾಗಿ ಮಾಡಿದ ಸಾಲದ ಕಂತು ತೀರಿದ್ದು 1947ರಲ್ಲಿ. ದೆಜ್ವಾ ಅವರು ಲಾವಂಚ ನೆಡಿಸುತ್ತಿದ್ದ ಕಾಲದಲ್ಲೂ ಆ ದೇಶ ಸಾಲ ತೀರಿಸುತ್ತಲೇ ಇತ್ತು. ನಾವು ಸ್ವತಂತ್ರರಾದ ವರ್ಷದವರೆಗೆ.

ನಾನು ಬಂದ ಮೇಲೆ ಕಷ್ಟ ನಿಲ್ಲಲಿಲ್ಲ. 2021ರ ಆಗಸ್ಟ್ 14ರ ಬೆಳಿಗ್ಗೆ 7.2 ತೀವ್ರತೆಯ ಭೂಕಂಪ ಇದೇ ದಕ್ಷಿಣ ಭಾಗವನ್ನು ಹೊಡೆಯಿತು. 2,200ಕ್ಕೂ ಹೆಚ್ಚು ಜನ ಹೋದರು. ಎರಡೇ ದಿನಕ್ಕೆ ಗ್ರೇಸ್ ಬಿರುಗಾಳಿಯ ಮಳೆ. ಬಯಲಲ್ಲಿ ಮಲಗಿದ್ದವರ ಮೇಲೆ ಸುರಿಯಿತು. ಅದಕ್ಕೂ ಎರಡು ತಿಂಗಳ ಹಿಂದೆ, ರಾಜಧಾನಿಯ ಅಂಚಿನ ಮಾರ್ತಿಸಾನ್ ಬಂದೂಕಿನ ಗುಂಪುಗಳ ಕೈಗೆ ಹೋಗಿತ್ತು. ದಕ್ಷಿಣಕ್ಕೆ ಇರುವ ಹೆದ್ದಾರಿ ಅಲ್ಲೇ ಹಾದುಹೋಗುತ್ತದೆ. ಜುಲೈ 7ರಂದು ಅಧ್ಯಕ್ಷ ಜೊವನೆಲ್ ಮೊಯೀಸ್ ಅವರನ್ನು ಅವರ ಮನೆಯಲ್ಲೇ ಕೊಂದರು. ಮನೆಮಠ ಬಿಟ್ಟು ದೇಶದೊಳಗೇ ಅಲೆಯುತ್ತಿರುವವರು 10 ಲಕ್ಷ ದಾಟಿದ್ದಾರೆ. ಅವರಲ್ಲಿ ಎಷ್ಟೋ ಜನ ರಾಜಧಾನಿಯಿಂದ ಓಡಿ ದಕ್ಷಿಣದ ನೆಂಟರ ಮನೆ ಸೇರಿದ್ದಾರೆ. ಗುಡ್ಡದ ಮೇಲಿನ ಎರಡು ಕೋಣೆ ಮನೆಗೆ ಇನ್ನೊಂದು ಸಂಸಾರ ಬಂದರೆ ಬೇರು ಅಗೆಯುವ ಅವಸರ ಇನ್ನೂ ಹೆಚ್ಚೇ ತಾನೇ?

ಹಾಗಿದ್ದೂ ಈ ಹೊಸ ಬಾಟಲಿಯ ಎಣ್ಣೆ ಬಲಿತ ಬೇರಿನದು. ಲೇಬಲ್ ಮೇಲೆ ರೈತರ ಸಹಕಾರ ಸಂಘದ ಎಣ್ಣೆ ಅಂತ ಇದೆ, ಬೇರಿಗೆ 14 ತಿಂಗಳು ಅಂತ ಬರೆದಿದ್ದಾರೆ. ಬರೆದದ್ದನ್ನು ನಾನು ಸುಮ್ನೆ ನಂಬುವವಳಲ್ಲ. ಆದರೆ ಮೂಗು ಅದನ್ನೇ ಹೇಳುತ್ತಿದೆ. ಅಷ್ಟು ಮಂದ, ಅಷ್ಟು ಹೊತ್ತು ನಿಲ್ಲುವ ಎಣ್ಣೆ ಎಳೆ ಬೇರಿನಿಂದ ಬರಲು ಸಾಧ್ಯವೇ ಇಲ್ಲ. ಯಾರೋ ಒಂದು ಮನೆಯವರು ಹದಿನಾಲ್ಕು ತಿಂಗಳು ಕಾದಿದ್ದಾರೆ. ಕಾಯಲು ಅವರಿಗೆ ಯಾರೋ ದುಡ್ಡು ಕೊಟ್ಟಿದ್ದಾರೆ, ಬಹುಶಃ ಸಂಘದ ಮುಂಗಡ, ಬಹುಶಃ ಮಾಂಟ್ರಿಯಲ್‌ನಲ್ಲೋ ಮಯಾಮಿಯಲ್ಲೋ ದುಡಿಯುವ ಮಗ. ನನಗೆ ಆ ಹಾಳೆ ತುಂಡು ಮೂಸುವಾಗ ಕಣ್ಣು ತುಂಬಿದ್ದು ಅದಕ್ಕೆ.

ಕೊರತೆ ಹೇಳಬೇಕಾದರೆ, ಮುಚ್ಚಳ ಸರಿಯಿಲ್ಲ. ಹನಿ ಹಾಕುವ ಬಿರಡೆ ಸಡಿಲ. ವಿಮಾನದಲ್ಲಿ ಸ್ವಲ್ಪ ಸೋರಿ ತಂಗಿಯ ಸ್ವೆಟರ್‌ಗೆಲ್ಲ ಲಾವಂಚ. ಅವಳಿಗೆ ಬೇಜಾರಾಗಲಿಲ್ಲ, ಆದರೆ ಇಷ್ಟು ಬೆಲೆಯ ಎಣ್ಣೆಗೆ ಒಳ್ಳೆಯ ಮುಚ್ಚಳ ಹಾಕಬೇಕು. ರೈತರಿಗೆ ಕಿಲೋಗೆ ಎಷ್ಟು ಕೊಟ್ಟರು ಅನ್ನುವುದನ್ನೂ ಲೇಬಲ್ ಮೇಲೆ ಹಾಕಲಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಬಳಸುವವರಿಗೆ ಎರಡು ಮಾತು. ಸೀದಾ ಮೈಗೆ ಹಚ್ಚಬೇಡಿ, ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಸಾಕು. ಬೇರನ್ನು ನೀರಿಗೆ ಹಾಕಿ ಕುಡಿಯುತ್ತೇವೆ ಅಂತ ಎಣ್ಣೆಯನ್ನು ಕುಡಿಯುವ ನೀರಿಗೆ ಹಾಕಬೇಡಿ. ಬರೀ ಹೈಟಿ ಅಂತ ಬರೆದು, ಸಂಘದ ಹೆಸರೂ ಇಲ್ಲ, ಬೇರಿನ ವಯಸ್ಸೂ ಇಲ್ಲ ಅಂತಾದರೆ ಅಂಗಡಿಯವರನ್ನು ಕೇಳಿ. ಉತ್ತರ ಗೊತ್ತಿಲ್ಲದಿದ್ದರೂ ಕೇಳಿದ್ದು ಮುಂದಕ್ಕೆ ತಲುಪುತ್ತದೆ.

ಔಷಧಿ ಬಾಟಲಿ ಕೊಟ್ಟ ಆ ಹಿರಿಯರಿಗೆ ನಾನು ತೊಂತೊಂ ಅನ್ನುತ್ತಿದ್ದೆ, ನಮ್ಮಲ್ಲಿ ಚಿಕ್ಕಪ್ಪ ಅಂದ ಹಾಗೆ. ಅವರಿಗೆ ನಾನು ಪಿತಿತ್ ಮ್ವೆಂ, ನನ್ನ ಮಗು. ವರ್ಷಕ್ಕೊಮ್ಮೆ ಹೊಸ ವರ್ಷದ ದಿನ ಮೆಸೇಜ್ ಮಾಡುತ್ತೇವೆ. ಈ ಸಲ ಮುರುಕು ಕ್ರೆಯೋಲಿನಲ್ಲಿ ಧ್ವನಿ ಕಳಿಸಿದೆ: ತೊಂತೊಂ, ನಿಮ್ಮ ಕಡೆಯ ಎಣ್ಣೆ ಬಂದಿದೆ, ಬೇರು ಚೆನ್ನಾಗಿ ಬಲಿತಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಹಿಂದೆ ಕೋಳಿ ಕೂಗುತ್ತಿತ್ತು. ನಾವು ಕೂರಿಸಿದ ಟ್ಯಾಂಕು ಭೂಕಂಪದಲ್ಲಿ ಒಂದು ಕಡೆ ಬಿರಿದಿತ್ತಂತೆ, ಊರವರೇ ಸಿಮೆಂಟ್ ಬಳಿದು ಸರಿ ಮಾಡಿಕೊಂಡಿದ್ದಾರಂತೆ, ನೀರು ಬರುತ್ತಿದೆಯಂತೆ. ಆಮೇಲೆ ಬಾಟಲಿ ಮೇಲಿನ ಬ್ಯಾಚ್ ನಂಬರ್ ಓದು ಅಂದರು. ಅದು ತಾವೇ ಇಳಿಸಿದ್ದೋ, ಪಕ್ಕದ ಭಟ್ಟಿಯವರದ್ದೋ ತಿಳಿಯಬೇಕಂತೆ.

ದೀಪದ ಕೆಳಗೆ ಹಿಡಿದು ನೋಡಿದೆ. ಮೊದಲ ನಾಲ್ಕು ಅಂಕಿ ಕಾಣುತ್ತದೆ. ಕೊನೆಯ ಎರಡು ಎಣ್ಣೆ ಸೋರಿ ಅಳಿಸಿಹೋಗಿದೆ. ಅದೇ ಅಂಗಡಿಗೆ ಇನ್ನೊಮ್ಮೆ ಹೋಗಿ, ಅದೇ ಸಾಲಿನ ಬಾಟಲಿಯ ನಂಬರಿನ ಫೋಟೊ ತೆಗೆದು ಕಳಿಸು ಅಂತ ತಂಗಿಗೆ ಹೇಳಿದ್ದೇನೆ. ಹಾಗೇ ಇನ್ನೊಂದು ಬಾಟಲಿ ತಗೊಂಡು ಬಾ ಅಂತಲೂ.